ಬಂಪರ್ ಪ್ರೈಮರ್ ಮತ್ತು ಅಬ್ಬಲಿಗೆ ಬಕೆಟ್

ಎರಡು ಮಳೆಗಾಲದ ಹಿಂದಿನ ಮಾತು. ಆರಿದ್ರಾ ಮಳೆ ಹಿಡಿದು ನಾಲ್ಕನೇ ದಿನ. ಅಂಗಳದ ಚರಂಡಿಗೆ ಏನೋ ಅಡ್ಡ ನಿಂತು ನೀರು ಮೆಟ್ಟಿಲವರೆಗೆ ಬಂದಿತ್ತು. ಕೈ ಹಾಕಿ ಎಳೆದರೆ ನೀಲಿ ಬಣ್ಣದ ಹಾಳೆ ಬಂತು. ಹಾಲಿನ ಕೆನೆ ಥರ, ಅಂಗೈ ಅಗಲದ್ದು. ಮೇ ತಿಂಗಳಲ್ಲಿ ನಾನು ಅಬ್ಬಲಿಗೆ, ಅಂದರೆ ಕನಕಾಂಬರ, ನೆಡುವ ಆರು ಹಳೇ ಪೇಂಟ್ ಬಕೆಟ್‌ಗೆ ಬಳಿದಿದ್ದ ಆಯಿಲ್ ಪೇಂಟ್ ಅದು. ಬಕೆಟ್ ನೋಡಿದರೆ ಮೊದಲಿನಷ್ಟೇ ಬೆಳ್ಳಗೆ. ಅದರ ಮೇಲಿದ್ದ ಪೇಂಟ್ ಕಂಪನಿಯ ಹೆಸರು ಮಾತ್ರ ಒಂದಕ್ಷರವೂ ಅಳಿಸಿರಲಿಲ್ಲ.

"ಅದ್ರ ಮೇಲಿನ ಅಕ್ಷರ ಹೋಗ್ಲಿಲ್ಲ, ನೀನು ಹಚ್ಚಿದ್ದು ಮಾತ್ರ ಹೋಯ್ತಲ್ಲೇ" ಎಂದರು ಅತ್ತೆ. ಚುಚ್ಚಿದ್ದೇ ಇರಬಹುದು, ಆದರೆ ಪ್ರಶ್ನೆ ಸರಿಯಾಗಿತ್ತು. ಅದೇ ಪ್ಲಾಸ್ಟಿಕ್, ಅದೇ ಮಳೆ. ಅವರ ಬಣ್ಣ ನಿಂತಿತು, ನನ್ನದು ನಿಲ್ಲಲಿಲ್ಲ. ಯಾಕೆ?

ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಲ್ಲಿ ತಗಡಿಗೆ ಹಚ್ಚಿದ ಬಣ್ಣವೇ ಉಪ್ಪುಗಾಳಿಗೆ ಏಳುತ್ತದೆ, ಪ್ಲಾಸ್ಟಿಕ್ ಯಾವ ಲೆಕ್ಕ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ತಪ್ಪು ಗಾಳಿಯದ್ದೂ ಅಲ್ಲ, ಮಳೆಯದ್ದೂ ಅಲ್ಲ.

ಬಕೆಟ್ ಬುಡ ಮಗುಚಿ ನೋಡಿ. ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ನನ್ನ ಪೇಂಟ್ ಬಕೆಟ್‌ಗಳಲ್ಲಿ 5 ಇತ್ತು, ಅಂದರೆ ಪಾಲಿಪ್ರೊಪಿಲೀನ್. ಅಡುಗೆ ಎಣ್ಣೆಯ ಕ್ಯಾನ್‌ನಲ್ಲಿ 2, ಅಂದರೆ ಎಚ್‌ಡಿಪಿಇ. ಅದು ಗಟ್ಟಿ ಪಾಲಿಥೀನ್. ಇವೆರಡೂ ಮೇಣದ ಜಾತಿಯವು. ಒಂದು ಹನಿ ನೀರು ಹಾಕಿದರೆ ಹರಡದೆ ಉಬ್ಬಿ ನಿಲ್ಲುತ್ತದೆ. ನೀರನ್ನೇ ಹತ್ತಿರ ಬಿಡದ ಮೈ, ಬಣ್ಣವನ್ನು ಬಿಡುತ್ತದೆಯೇ? ಬಣ್ಣ ಅದರ ಮೇಲೆ ಸುಮ್ನೆ ಹೊದ್ದುಕೊಂಡಿರುತ್ತದೆ ಅಷ್ಟೇ. ಒಂದು ಕಡೆ ಸೀಳಿತು ಅಂದರೆ ನೀರು ಅಡಿಗೆ ಹೊಕ್ಕು ಪೂರ್ತಿ ಎಬ್ಬಿಸುತ್ತದೆ. ಫ್ಯಾಕ್ಟರಿಯಲ್ಲಿ ಇಂಥ ಪ್ಲಾಸ್ಟಿಕ್ ಮೇಲೆ ಪ್ರಿಂಟ್ ಮಾಡುವ ಮೊದಲು ಅದರ ಮೈಗೆ ಬೆಂಕಿಯ ಜ್ವಾಲೆಯನ್ನು ಕ್ಷಣಮಾತ್ರ ತಾಗಿಸುವುದುಂಟು. ಆಗ ಮೈಯ ಗುಣ ಬದಲಾಗಿ ಶಾಯಿ ಹಿಡಿಯುತ್ತದೆ. ಅತ್ತೆಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮನೆಯಲ್ಲಿ ಗ್ಯಾಸ್ ಒಲೆ ಮೇಲೆ ಹಿಡಿಯಲು ಹೋಗಬೇಡಿ ಮತ್ತೆ, ಬಕೆಟ್ ಸೊಟ್ಟಗಾಗುತ್ತದೆ ಇಲ್ಲಾ ಮನೆ ಸುಡುತ್ತದೆ.

ನಮಗೆ ದಾರಿ ಬೇರೆ ಇದೆ. ಕಾರಿನ ಬಂಪರ್ ಕೂಡ ಬಹುಪಾಲು ಇದೇ ಪಾಲಿಪ್ರೊಪಿಲೀನ್ ಬಳಗದ್ದು. ಅದಕ್ಕೆ ಬಣ್ಣ ನಿಲ್ಲುತ್ತದೆ ಅಲ್ವಾ? ಗಾಡಿ ಪೇಂಟ್ ಮಾರುವ ಅಂಗಡಿಗೆ ಹೋಗಿ, ಬಣ್ಣ ಹಿಡಿಯಲಿ ಅಂತ ಅದಕ್ಕೂ ಮೊದಲು ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ಕೇಳಿದೆ. ಕೌಂಟರ್‌ನಲ್ಲಿದ್ದವನು ನನ್ನ ಹತ್ತಿರ ಆರನೇ ಕ್ಲಾಸು ಓದಿದ ಹುಡುಗ. "ಅಕ್ಕೋರೆ, ಇದು ಬಂಪರ್‌ಗೆ ಹೊಡೆಯೋದು. ನಿಮ್ಮತ್ರ ಕಾರೇ ಇಲ್ವಲ್ಲ?" ಎಂದ. ಅಬ್ಬಲಿಗೆ ಬಕೆಟ್‌ಗೆ ಅಂದಾಗ ನಕ್ಕ. ನಕ್ಕರೂ ಪ್ಲಾಸ್ಟಿಕ್ ಪ್ರೈಮರ್ ಸ್ಪ್ರೇ ಡಬ್ಬ ಕೊಟ್ಟ, 320 ನಂಬರಿನ ಪಾಲಿಶ್ ಪೇಪರ್ ಕೊಟ್ಟ, "ಪ್ರೈಮರ್ ದಪ್ಪ ಹೊಡೀಬೇಡಿ, ಕಂಡೂ ಕಾಣದ ಹಾಗೆ ಇರ್ಲಿ" ಅಂತ ಹೇಳಿಯೂ ಕೊಟ್ಟ. ಆ ಒಂದು ಮಾತು ಪ್ರೈಮರ್‌ಗಿಂತ ಜಾಸ್ತಿ ಬೆಲೆಯದ್ದು.

ತುಳಸಿ ಮದುವೆ ಮುಗಿಯುವವರೆಗೆ ಕಾದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಮಾಡಿದರೆ ಬಣ್ಣ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಡಿಸೆಂಬರ್ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಕಡಲಗಾಳಿ ಏಳುವ ಮೊದಲು ಎರಡು ತಾಸು ಸಿಗುತ್ತದೆ. ಒಂದು ದಿನ ಆಲಸ್ಯ ಮಾಡಿ ಮಧ್ಯಾಹ್ನ ಹೊಡೆಯಲು ಕೂತೆ. ಒಣಹಾಕಿದ್ದ ಅತ್ತೆಯ ಸೀರೆಗೆ ಹಳದಿ ಚುಕ್ಕೆ ಬಿತ್ತು. ಆ ಕಥೆ ಇಲ್ಲಿ ಬೇಡ.

ಮೊದಲ ಕೆಲಸ ಬುಡದಲ್ಲಿ ತೂತು. ಬಣ್ಣ ಆದಮೇಲೆ ತೂತು ಮಾಡಿದರೆ ಅಂಚು ಏಳುತ್ತದೆ, ಅಲ್ಲಿಂದಲೇ ನೀರು ಒಳಗೆ ಹೋಗುತ್ತದೆ. 20 ಲೀಟರ್ ಬಕೆಟ್‌ಗೆ ಆರು ತೂತು ಹಾಕಿದೆ. ಬುಡಕ್ಕೆ ಬಣ್ಣ ಹಚ್ಚಲೇ ಇಲ್ಲ, ಯಾರು ನೋಡುತ್ತಾರೆ? ಆಮೇಲೆ ಪಾತ್ರೆ ಸೋಪಿನಲ್ಲಿ ತಿಕ್ಕಿ ತೊಳೆದೆ. ಎಣ್ಣೆ ಕ್ಯಾನ್ ಮೂರು ಸಲ ಬಿಸಿನೀರು ಕಂಡರೂ ಕೈಗೆ ಜಿಡ್ಡು ತಾಗುತ್ತಿತ್ತು.

ಪಾಲಿಶ್ ಪೇಪರ್, ಹಳಬರ ಉಪ್ಪು ಕಾಗದ, ನೀರಿನಲ್ಲಿ ಅದ್ದಿ ಉಜ್ಜಬೇಕು. ಒಣ ಉಜ್ಜಿದರೆ ಕ್ಯಾನ್‌ನ ಮೈ ನೂಲು ನೂಲಾಗಿ ಏಳುತ್ತದೆ. ಹೊಳಪು ಹೋಗಿ ಎಲ್ಲ ಕಡೆ ಒಂದೇ ಥರ ಮಂಕಾಗುವವರೆಗೆ ಉಜ್ಜಿದೆ. ಹಿಡಿಕೆಯ ಸಂದು, ಕಂಠದ ಏಣು ಇವೇ ನಮ್ಮನ್ನು ಸೋಲಿಸುವ ಜಾಗ. ಒಂದು ಬಕೆಟ್‌ಗೆ ಅರ್ಧ ತಾಸು, ಬೆರಳ ತುದಿ ಉರಿ. ನಂತರ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡೂ ಜಿಡ್ಡೇ.

ಪ್ರೈಮರ್ ಒಂದು ತೆಳು ಸುತ್ತು. ಡಬ್ಬದ ಮೇಲೆ ಬರೆದ ಹೊತ್ತಿನೊಳಗೇ ಬಣ್ಣ ಬೀಳಬೇಕು. ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿದು ಕೈ ಆಡಿಸುತ್ತಲೇ ಇರಬೇಕು, ನಿಂತಲ್ಲಿ ಇಳಿಯುತ್ತದೆ. ಬಣ್ಣದ ಮೊದಲ ಸುತ್ತಿಗೆ ಕೆಳಗಿನ ಬಿಳಿ ಕಾಣುತ್ತಲೇ ಇರುತ್ತದೆ. ಆಗ ಇನ್ನೊಂದಿಷ್ಟು ಹೊಡೆಯೋಣ ಅಂತ ಕೈ ತುರಿಸುತ್ತದೆ, ಅಲ್ಲೇ ತಪ್ಪುವುದು. 10-15 ನಿಮಿಷ ಬಿಟ್ಟು ಎರಡನೆಯದು, ಮತ್ತೆ ಬಿಟ್ಟು ಮೂರನೆಯದು. 400 ಮಿ.ಲೀ. ಡಬ್ಬ ನನಗೆ ಎರಡು ಬಕೆಟ್‌ಗೆ ಬಂತು. ಒಳಗೆ ಕಂಠದಿಂದ ಎರಡು ಬೆರಳು ಇಳಿಸಿದೆ ಅಷ್ಟೇ. ಮಣ್ಣು ತಾಗುವ ಜಾಗಕ್ಕೆ ಬಣ್ಣ ಬೇಡ.

ಬಣ್ಣದ ಆಯ್ಕೆಯಲ್ಲಿ ನನ್ನದು ಒಂದೇ ಹಟ. ಕಪ್ಪು, ಗಾಢ ನೀಲಿ ಬೇಡ. ಏಪ್ರಿಲ್ ಬಿಸಿಲಿಗೆ ಒಳಗಿನ ಬೇರು ಬೇಯುತ್ತದೆ. ಹಳದಿ, ತಿಳಿ ಹಸಿರು, ಬಿಳಿ ಸಾಕು. ಎಣ್ಣೆ ಕ್ಯಾನ್‌ಗಂತೂ ಬಣ್ಣ ಚೆಂದಕ್ಕೆ ಮಾತ್ರ ಅಲ್ಲ. ಬೆಳಕು ತೂರುವ ಪ್ಲಾಸ್ಟಿಕ್ ಅದು. ಹಾಗೇ ಬಿಟ್ಟರೆ ಒಳಗೋಡೆಗೆ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಕೆಲವು ವರ್ಷದಲ್ಲಿ ಹಿಡಿದ ಕೈಯಲ್ಲೇ ಹಪ್ಪಳದ ಹಾಗೆ ಮುರಿಯುತ್ತದೆ.

ಈ ಉಮೇದಿನಲ್ಲಿ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಮೀನು ಮಾರ್ಕೆಟ್‌ನಿಂದ ತಂದ ಥರ್ಮಾಕೋಲ್ ಪೆಟ್ಟಿಗೆಯೊಂದಿತ್ತು, ಬಸಳೆಗೆ ಅಂತ ಇಟ್ಟಿದ್ದು. ಉಳಿದ ಹಳದಿ ಸ್ಪ್ರೇ ಅದಕ್ಕೂ ಹೊಡೆದೆ. ಸರ್ ಅಂತ ಸಣ್ಣ ಸದ್ದು. ನೋಡನೋಡುತ್ತಿದ್ದಂತೆ ಮೈ ತುಂಬ ಗುಳಿ ಬಿದ್ದು, ಗೆದ್ದಲು ತಿಂದ ಹಲಗೆ ಥರ ಆಯಿತು. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್, 6ನೇ ನಂಬರ್. ಸ್ಪ್ರೇಯಲ್ಲಿರುವ ಥಿನ್ನರ್ ಅದನ್ನು ಕರಗಿಸುತ್ತದೆ. ಅದಕ್ಕೆ ನೀರಲ್ಲಿ ಕಲಸುವ ಗೋಡೆಯ ಎಮಲ್ಷನ್ ಬ್ರಷ್‌ನಲ್ಲಿ ಹಚ್ಚಿದರೆ ಏನೂ ಆಗುವುದಿಲ್ಲ. ಎರಡನೇ ಪೆಟ್ಟಿಗೆಗೆ ಹಾಗೇ ಮಾಡಿದೆ.

ಮುಟ್ಟಿದರೆ ಒಣಗಿದ ಹಾಗಿದ್ದರೂ ಒಂದು ವಾರ ಮಣ್ಣು ತುಂಬದೆ ನೆರಳಲ್ಲಿ ಇಟ್ಟೆ. ಅತ್ತೆ ದಿನಾ ಕೇಳುತ್ತಿದ್ದರು, ಅಬ್ಬಲಿಗೆ ಸಸಿ ಸೊರಗುತ್ತಿದೆ ಅಂತ. ಎಂಟನೇ ದಿನ ಪರೀಕ್ಷೆ. ಬುಡದ ಹತ್ತಿರ ಬ್ಲೇಡಿನಿಂದ ಅಡ್ಡ ಉದ್ದ ಗೆರೆ ಎಳೆದು ಸಣ್ಣ ಸಣ್ಣ ಚೌಕಗಳನ್ನು ಮಾಡಿದೆ. ಅದರ ಮೇಲೆ ಪ್ಯಾಕಿಂಗ್ ಟೇಪ್ ಒತ್ತಿ ಹಚ್ಚಿ ಒಮ್ಮೆಲೇ ಕಿತ್ತೆ. ಬಕೆಟ್‌ನಲ್ಲಿ ಒಂದು ಚೌಕವೂ ಏಳಲಿಲ್ಲ. ಎಣ್ಣೆ ಕ್ಯಾನ್‌ನಲ್ಲಿ ಮೂರು ಚೌಕ ಟೇಪಿಗೆ ಅಂಟಿ ಬಂದವು. ಮತ್ತೆ ಉಜ್ಜುವ ಶಕ್ತಿ ನನಗಿರಲಿಲ್ಲ, ಹಾಗೇ ಬಿಟ್ಟೆ.

ಒಂದು ಪೂರ್ತಿ ಮಳೆಗಾಲ ಕಳೆಯಿತು. ಚೌತಿಯ ಹೊತ್ತಿಗೆ ನೋಡಿದರೆ ಬಕೆಟ್‌ಗಳ ಹಳದಿ ಸ್ವಲ್ಪ ಮಾಸಿದೆ, ಎದ್ದಿಲ್ಲ. ಕ್ಯಾನ್‌ದು ಮಾತ್ರ ಹಿಡಿಕೆಯ ಹತ್ತಿರ ಕಿತ್ತು ಹೋಗಿದೆ, ಎತ್ತುವಾಗಲೆಲ್ಲ ಕೈ ಉಜ್ಜುವ ಜಾಗದಲ್ಲಿ. ಮತ್ತೆ ಹಚ್ಚಲು ಹೋಗಲಿಲ್ಲ. ದೊಡ್ಡಪತ್ರೆ ಇಳಿಬಿದ್ದು ಅದನ್ನು ಮುಚ್ಚಿದೆ.