ಕುದುರೆ ಸವಾರಿಗೆ ಬೆಚ್ಚನೆಯ ಕೋಟು: ನಿಂತು ಅಲ್ಲ, ಕೂತು ನೋಡಿ ಕೊಳ್ಳಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ಮಕ್ಕಳನ್ನು ಸವಾರಿ ಕಲಿಯಲು ಸೇರಿಸುತ್ತಾರೆ, ಕೆಲವರು ತಾವೂ ಸೇರುತ್ತಾರೆ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ನವೆಂಬರ್ ಬಂದರೆ ಆಫೀಸಿಗೆ ಹಾಕುವ ಉದ್ದನೆಯ, ಒಳಗೆ ತುಂಬಿ ಉಬ್ಬಿದ ಪಫರ್ ಕೋಟನ್ನೇ ಹಾಕಿಕೊಂಡು ಲಾಯಕ್ಕೆ ಬರುತ್ತಾರೆ. ಕುದುರೆ ಹತ್ತುವಾಗ ಅದು ಕಾಲಿಗೆ ತೊಡರುತ್ತದೆ. ಹತ್ತಿದ ಮೇಲೆ ಅದರ ಮೇಲೇ ಕೂತಿರುತ್ತಾರೆ. ಕುದುರೆ ಸ್ವಲ್ಪ ಓಡುವಷ್ಟರಲ್ಲಿ ಮೈಯೆಲ್ಲ ಬೆವರು. ಆಮೇಲೆ ತಮ್ಮ ಸರದಿಗೆ ಕಾಯುತ್ತಾ ನಿಂತಾಗ ಅದೇ ಬೆವರು ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ದುಬಾರಿ ಕೋಟು ಕೊಂಡವರಿಗೂ ಇದೇ ಪಾಡು. ಆದ್ದರಿಂದ ಈ ಕ್ರಮದಲ್ಲಿ ಹೋಗಿ.

1. ಮೊದಲು ಒಳಗಿನ ಬಟ್ಟೆ

ಮೈ ಬೆಚ್ಚಗಿಡುವ ಕೆಲಸದಲ್ಲಿ ಅರ್ಧ ಪಾಲು ಒಳಗಿನ ಬಟ್ಟೆಯದ್ದು. ಮೈಗೆ ತಾಗುವಂತೆ ಮೆರಿನೋ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ತೆಳು ಥರ್ಮಲ್, ಅದರ ಮೇಲೆ ತೆಳುವಾದ ಫ್ಲೀಸ್. ಹತ್ತಿಯ ಬನಿಯನ್ ಮಾತ್ರ ಬೇಡವೇ ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಇಷ್ಟು ಮಾಡಿದರೆ ಕೋಟಿನ ಪಾಲಿಗೆ ಉಳಿಯುವುದು ಗಾಳಿ ಮತ್ತು ಮಳೆ ತಡೆಯುವ ಕೆಲಸ, ಜೊತೆಗೆ ಒಂದಿಷ್ಟು ಬಿಸಿ. ಅಂಥ ಕೋಟಿಗೆ ಜಾಸ್ತಿ ದುಡ್ಡು ಬೇಕಿಲ್ಲ.

2. ಲೇಬಲ್ ಓದಿ

ಒಳಗಿನ ತುಂಬುವಿಕೆ ಸಿಂಥೆಟಿಕ್ ಇರಲಿ. ಬಾತುಕೋಳಿ ಗರಿಯ ಡೌನ್ ಒಣ ಚಳಿಗೆ ಬಹಳ ಚೆನ್ನ. ಆದರೆ ಇಲ್ಲಿನದು ಒದ್ದೆ ಚಳಿ. ಡೌನ್ ನೆನೆದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿದಿಡುವುದಿಲ್ಲ. ಸಿಂಥೆಟಿಕ್ ನೆನೆದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ.

‘ಶವರ್‌ಪ್ರೂಫ್’ ಎಂದು ಬರೆದಿದ್ದರೆ ಅದು ತುಂತುರಿಗೆ ಮಾತ್ರ. ‘ವಾಟರ್‌ಪ್ರೂಫ್’ ಎಂದಿದ್ದು, ಹೊಲಿಗೆಗಳ ಮೇಲೆ ಒಳಗಿನಿಂದ ಟೇಪ್ ಹಾಕಿದ್ದು, 10,000 ಎಂಎಂ ಆಸುಪಾಸಿನ ಅಂಕಿ ಇದ್ದರೆ ಸಾಕು. ಸೋರದೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂಬುದರ ಅಳತೆ ಅದು.

3. ಕೂತು ನೋಡಿ

ಜನ ಎಡವುವುದು ಇಲ್ಲೇ. ಕನ್ನಡಿ ಮುಂದೆ ನಿಂತು, ಚೆನ್ನಾಗಿದೆ ಅಂತ ಬಿಲ್ ಮಾಡಿಸಿಬಿಡುತ್ತಾರೆ. ಆದರೆ ಈ ಕೋಟು ಹಾಕಿಕೊಂಡು ನೀವು ನಿಲ್ಲುವುದಿಲ್ಲ, ಕಾಲು ಅಗಲಿಸಿ ಕೂರುತ್ತೀರಿ, ಅಲ್ವಾ?

ಅಂಗಡಿಗೆ ಹೋಗುವಾಗ ಒಳಗಿನ ಬಟ್ಟೆಗಳನ್ನು ಹಾಕಿಕೊಂಡೇ ಹೋಗಿ. ಹೆಲ್ಮೆಟ್, ಕೈಗವಸು ಜೊತೆಗಿರಲಿ. ಸವಾರಿ ಸಾಮಾನಿನ ಅಂಗಡಿಯಲ್ಲಿ ಸ್ಟ್ಯಾಂಡಿನ ಮೇಲೆ ಜೀನು ಇಟ್ಟಿದ್ದರೆ ಕೂರಬಹುದೇ ಅಂತ ಕೇಳಿ. ಇಲ್ಲದಿದ್ದರೆ ಕುರ್ಚಿಯನ್ನು ತಿರುಗಿಸಿ, ಅದರ ಬೆನ್ನು ನಿಮ್ಮ ಎದೆಯ ಕಡೆ ಬರುವಂತೆ, ಎರಡೂ ಕಡೆ ಕಾಲು ಹಾಕಿ ಕೂರಿ. ಜಿಪ್ ಪೂರ್ತಿ ಎಳೆದುಕೊಳ್ಳಿ.

ಮುಂದೆ ನೋಡಿ. ಕೋಟು ಹೊಟ್ಟೆಯ ಹತ್ತಿರ ಉಬ್ಬಿ, ಕಾಲರ್ ಗಲ್ಲಕ್ಕೆ ಒತ್ತುತ್ತಿದೆಯೇ? ಹಾಗಿದ್ದರೆ ಕೆಳಗಿನಿಂದಲೂ ತೆರೆಯುವ ಜಿಪ್ ಬೇಕು. ಸೊಂಟದ ಕೆಳಗೆ ಬರುವ ಯಾವ ಕೋಟಿಗೂ ಈ ಎರಡು ಕಡೆಯ ಜಿಪ್ ಇರಲೇಬೇಕು. ಇಲ್ಲವೆಂದರೆ ಎಷ್ಟು ಅಗ್ಗವಿದ್ದರೂ ಬಿಟ್ಟುಬಿಡಿ.

ಹಿಂದೆ ಕೈಯಾಡಿಸಿ. ಅಂಚು ಒಂದೋ ಜೀನಿಗಿಂತ ಮೇಲೇ ನಿಲ್ಲಬೇಕು, ಇಲ್ಲವೇ ಹಿಂಭಾಗ ಸೀಳಿದ್ದು ತೊಡೆಗಳ ಮೇಲೆ ಎರಡು ಕಡೆಗೂ ಹರಡಿಕೊಳ್ಳಬೇಕು. ಎರಡೂ ಅಲ್ಲದ ಉದ್ದ ಅಪಾಯ. ಅಂಚು ಕುಂಡಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಎದ್ದಾಗಲೂ ಜೀನಿನ ಹಿಂದಿನ ಏರಿಗೆ ತಗುಲುತ್ತದೆ. ಇಳಿಯುವಾಗ ಹೊಟ್ಟೆಯನ್ನು ಕುದುರೆಗೆ ಒರಗಿಸಿ ಜಾರುತ್ತೇವಲ್ಲ, ಆಗ ಸಡಿಲವಾದ ಕೋಟು ಜೀನಿಗೆ ಸಿಕ್ಕಿದರೆ ಕಾಲು ನೆಲ ಮುಟ್ಟುವ ಮೊದಲೇ ನೇತಾಡುತ್ತೀರಿ. ಆ ಹೊತ್ತಿಗೆ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ಏನಾದೀತು, ಯೋಚಿಸಿ.

ಈಗ ಲಗಾಮು ಹಿಡಿದಂತೆ ಮುಷ್ಟಿ ಮಾಡಿ, ಮೊಣಕೈ ಪಕ್ಕೆಗೆ ತಂದುಕೊಳ್ಳಿ. ಆಮೇಲೆ ಕುದುರೆಯ ಕುತ್ತಿಗೆ ತಟ್ಟುವಂತೆ ಕೈ ಮುಂದೆ ಚಾಚಿ. ಮಣಿಕಟ್ಟು ಹೊರಗೆ ಕಾಣಬಾರದು, ಬೆನ್ನು ಬಿಗಿಯಬಾರದು. ಟ್ರಾಟ್‌ನಲ್ಲಿ, ಅಂದರೆ ಕುದುರೆಯ ನಿಧಾನ ಓಟದಲ್ಲಿ, ಮಾಡುವಂತೆ ಎದ್ದು ಕೂತು, ಎದ್ದು ಕೂತು ಮಾಡಿ. ಅಂಗಡಿಯವರು ನೋಡಿದರೆ ನೋಡಲಿ. ಕೋಟು ಮೇಲಕ್ಕೇರಿ ಕತ್ತಿನ ಹತ್ತಿರ ಗುಡ್ಡೆಯಾದರೆ ಒಂದು ಗಂಟೆಯ ಪಾಠದಲ್ಲಿ ನೀವು ಅದನ್ನು ಎಳೆಯುತ್ತಲೇ ಇರಬೇಕಾಗುತ್ತದೆ. ಕೊನೆಗೆ ಹೆಲ್ಮೆಟ್ ಹಾಕಿ ಹಿಂದಕ್ಕೆ ತಿರುಗಿ ನೋಡಿ. ದಪ್ಪ ಕಾಲರ್ ಹೆಲ್ಮೆಟನ್ನು ಹಿಂದಿನಿಂದ ತಳ್ಳಬಾರದು. ಕೋಟಿನ ಟೋಪಿ ಬಿಚ್ಚಿಡುವಂತಿರಬೇಕು, ಇಲ್ಲದಿದ್ದರೆ ಬೆನ್ನ ಮೇಲೆ ಪಟಪಟ ಬಡಿಯುತ್ತದೆ.

ನನ್ನ ಆಯ್ಕೆ ಯಾವತ್ತೂ ಸೊಂಟದುದ್ದದ, ಮೈಗೊಪ್ಪುವ ಕೋಟು. ಬೆನ್ನು, ಮೊಣಕೈ ಹೇಗಿವೆ ಅಂತ ಕಲಿಸುವವರಿಗೆ ಕಾಣಬೇಕು. ಊದಿಕೊಂಡ ಪಫರ್ ಒಳಗೆ ಅದು ಕಾಣುವುದಿಲ್ಲ, ಹಾಗಾಗಿ ಅವರು ತಿದ್ದುವುದೂ ಇಲ್ಲ.

ಬಿದ್ದರೆ ಎದೆ, ಬೆನ್ನು ಕಾಯುವ ಬಾಡಿ ಪ್ರೊಟೆಕ್ಟರ್ ಹಾಕುವವರು ಅದನ್ನೂ ಅಂಗಡಿಗೆ ಒಯ್ಯಬೇಕು. ದಪ್ಪ ಕೋಟಿನ ಮೇಲೆ ಕಟ್ಟಿದರೆ ಅದು ಮೈಗೆ ಸರಿಯಾಗಿ ಕೂರುವುದಿಲ್ಲ. ಬಿದ್ದಾಗ ಗಾಳಿ ತುಂಬಿಕೊಳ್ಳುವ ಏರ್ ವೆಸ್ಟ್ ಆದರೆ ಅದರ ಮೇಲೆ ಬಿಗಿಯಾದ ಕೋಟು ಹಾಕಲೇಬೇಡಿ. ಅದಕ್ಕೆ ಉಬ್ಬಲು ಜಾಗ ಬೇಕು.

4. ಸದ್ದು ಮತ್ತು ಜೇಬು

ಎರಡು ತೋಳನ್ನೂ ಉಜ್ಜಿ ನೋಡಿ. ಚರಚರ ಸದ್ದು ಜೋರಾಗಿದ್ದರೆ ಬೇಡ, ಪುಕ್ಕಲು ಕುದುರೆ ಬೆದರುತ್ತದೆ. ಜೇಬಿಗೆ ಜಿಪ್ ಇರಲಿ. ಹೊರಮೈ ನುಣುಪಾಗಿರಲಿ, ಫ್ಲೀಸ್ ಹೊರಗಿದ್ದರೆ ಹುಲ್ಲು, ಕೂದಲು ಅಂಟಿ ಬಿಡುವುದೇ ಇಲ್ಲ.

5. ದುಡ್ಡು ಉಳಿಸುವುದು

ಎದೆಯ ಮೇಲೆ ಕುದುರೆಯ ಚಿತ್ರ ಹೊಲಿದ ಮಾತ್ರಕ್ಕೆ ಅದು ಸವಾರಿ ಕೋಟಾಗುವುದಿಲ್ಲ. ಮೇಲಿನ ಕೂತು ನೋಡುವ ಪರೀಕ್ಷೆ ಪಾಸಾಗುವ ಹಳೆಯ ಸ್ಕೀ ಜಾಕೆಟ್ ಚ್ಯಾರಿಟಿ ಅಂಗಡಿಯಲ್ಲಿ ಸಿಕ್ಕರೆ ಕಣ್ಮುಚ್ಚಿ ತೆಗೆದುಕೊಳ್ಳಿ. ಹೊಸದೇ ಬೇಕೆಂದರೆ ಕ್ರೀಡಾ ಸಾಮಾನಿನ ಅಂಗಡಿ ಡೆಕಾಥ್ಲಾನ್‌ನ ಸವಾರಿ ಬಟ್ಟೆಗಳಿಂದ ನೋಡಲು ಶುರು ಮಾಡಿ. ಜನವರಿ ಸೇಲ್ ತನಕ ಕಾಯುವುದಾದರೆ ಇನ್ನೂ ಒಳ್ಳೆಯದು, ಚಳಿ ಆಮೇಲೂ ಬೇಕಾದಷ್ಟು ಇರುತ್ತದೆ. ಬ್ರಿಟನ್ನಿನಲ್ಲಿ ದೊಡ್ಡವರ ಬಟ್ಟೆಗೆ 20% ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ಇದೆ, 14 ವರ್ಷದೊಳಗಿನ ಮಕ್ಕಳ ಅಳತೆಯ ಬಟ್ಟೆಗೆ ಇಲ್ಲ. ಸಣ್ಣ ಮೈಕಟ್ಟಿನ ಹೆಂಗಸರು ಮಕ್ಕಳ ದೊಡ್ಡ ಸೈಜನ್ನು ಒಮ್ಮೆ ಹಾಕಿ ನೋಡಿ. ಹೊಳೆಯುವ ಪಟ್ಟಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ. ಡಿಸೆಂಬರಿನಲ್ಲಿ ಲಂಡನ್ನಿನಲ್ಲೇ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ದೂರಕ್ಕೇ ಎದ್ದು ಕಾಣುವ ಹೈ-ವಿಸ್ ಬೇಕೇ ಬೇಕು, ನಿಜ. ಆದರೆ ಅಗ್ಗದ ಪ್ರತ್ಯೇಕ ವೆಸ್ಟ್ ಕೋಟಿನ ಮೇಲೆ ಹಾಕಿದರೆ ಅದೇ ಕೆಲಸ ಆಗುತ್ತದೆ.

ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ಸೆಕೆಯಾಯಿತು ಅಂತ ಕುದುರೆಯ ಮೇಲೆ ಕೂತೇ ಕೋಟು ಬಿಚ್ಚಬಾರದು. ಎರಡೂ ತೋಳು ಕೋಟಿನಲ್ಲಿ ಸಿಕ್ಕಿರುವಾಗ ಕುದುರೆ ಜಿಗಿದರೆ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಕೆಳಗಿಳಿದು ಬಿಚ್ಚಲಿ.

6. ಒಗೆಯುವುದು

ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ನೀರು ತಡೆಯುವ ಗುಣ ಹಾಳಾಗುತ್ತದೆ. ನಿಕ್‌ವ್ಯಾಕ್ಸ್‌ನಂಥ ವಾಟರ್‌ಪ್ರೂಫ್ ಬಟ್ಟೆಯ ಸೋಪನ್ನೇ ಬಳಸಿ. ಪದೇ ಪದೇ ಒಗೆಯುವುದೂ ಬೇಡ. ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉಜ್ಜಿದರೆ ಮುಂದಿನ ಶನಿವಾರಕ್ಕೆ ಕೋಟು ತಯಾರು.