ನೈಟ್ರಿಕ್ ಆಮ್ಲದ ಸಮೀಕರಣ: ಬಾಯಿಪಾಠ ಬೇಡ, ಎಲೆಕ್ಟ್ರಾನ್ ಎಣಿಸಿ

ಲೋಹಕ್ಕೆ ಆಮ್ಲ ಹಾಕಿದರೆ ಲವಣವೂ ಹೈಡ್ರೋಜನ್ನೂ ಬರುತ್ತವೆ ಎಂದು ಹತ್ತನೇ ಕ್ಲಾಸಿನಲ್ಲಿ ಕಲಿತಿರುತ್ತೇವೆ, ಅಲ್ವಾ? ಪಿಯುಸಿಯಲ್ಲಿ ನೈಟ್ರಿಕ್ ಆಮ್ಲ ಎದುರಾದ ಕೂಡಲೇ ಆ ನಿಯಮ ಕೈಕೊಡುತ್ತದೆ. ತಾಮ್ರದ ಚೂರಿಗೆ ಕಾನ್ಸಂಟ್ರೇಟೆಡ್ ನೈಟ್ರಿಕ್ ಆಮ್ಲ ತಾಗಿದರೆ ಕಂದು ಹೊಗೆ ಏಳುತ್ತದೆ, ದ್ರಾವಣ ಹಸಿರಾಗುತ್ತದೆ. ಹೈಡ್ರೋಜನ್ ಬರುವುದೇ ಇಲ್ಲ. (ಆ ಹೊಗೆ ವಿಷ. ಮನೆಯಲ್ಲಿ ಮಾಡಿ ನೋಡಲೇಬೇಡಿ.)

ತಾಮ್ರದ ಎಲೆಕ್ಟ್ರಾನ್‌ಗಳನ್ನು ಇಲ್ಲಿ ತೆಗೆದುಕೊಳ್ಳುವುದು ಹೈಡ್ರೋಜನ್ ಅಲ್ಲ, ನೈಟ್ರೇಟಿನ (ಆಮ್ಲದ HNO₃ ಸೂತ್ರದಲ್ಲಿ ಹೈಡ್ರೋಜನ್ ಬಿಟ್ಟು ಉಳಿಯುವ NO₃ ಭಾಗ) ಒಳಗಿರುವ ನೈಟ್ರೋಜನ್. ಇಷ್ಟು ಗೊತ್ತಿದ್ದರೆ ಸಮೀಕರಣವನ್ನು ನಾವೇ ಕಟ್ಟಬಹುದು.

ಮೊದಲು, ಲೋಹ ಕರಗುತ್ತದೆಯೇ ನೋಡಿ. ಚಿನ್ನ, ಪ್ಲಾಟಿನಂ ಕರಗುವುದಿಲ್ಲ. ಕಾನ್ಸಂಟ್ರೇಟೆಡ್ ಆಮ್ಲದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕೂತು ಕ್ರಿಯೆ ನಿಂತುಬಿಡುತ್ತದೆ. ಆ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಸಾಗಿಸಲು ಆಗುವುದು ಇದರಿಂದಲೇ.

ಎರಡನೆಯದು, ನೈಟ್ರೋಜನ್ ಎಷ್ಟು ಎಲೆಕ್ಟ್ರಾನ್ ಪಡೆಯುತ್ತದೆ? ಕಾನ್ಸಂಟ್ರೇಟೆಡ್ ಆಮ್ಲದಲ್ಲಿ 1, ಬರುವುದು ನೈಟ್ರೋಜನ್ ಡೈಆಕ್ಸೈಡ್. ಡೈಲ್ಯೂಟ್ ಆಮ್ಲದಲ್ಲಿ 3, ಬರುವುದು ನೈಟ್ರಿಕ್ ಆಕ್ಸೈಡ್ (NO). ನಿಜವಾಗಿ ಅನಿಲಗಳು ಬೆರೆತೇ ಬರುತ್ತವೆ. ಸಮೀಕರಣದಲ್ಲಿ ಜಾಸ್ತಿ ಬರುವುದನ್ನಷ್ಟೇ ಬರೆಯುತ್ತೇವೆ.

ಮೂರನೆಯದು, ಲೆಕ್ಕ ಸರಿದೂಗಿಸಿ. ಡೈಲ್ಯೂಟ್ ಆಮ್ಲವನ್ನೇ ತೆಗೆದುಕೊಳ್ಳೋಣ. ಒಂದು ತಾಮ್ರ ಕೊಡುವುದು 2, ಒಂದು ನೈಟ್ರೋಜನ್ ಪಡೆಯುವುದು 3. ಹಾಗಾಗಿ 3 ತಾಮ್ರ, 2 ನೈಟ್ರಿಕ್ ಆಕ್ಸೈಡ್. ಎರಡೂ ಕಡೆ 6 ಎಲೆಕ್ಟ್ರಾನ್.

ಹೆಚ್ಚಿನ ಮಕ್ಕಳು ಎಡವುವುದು ಇದರ ಮುಂದೆ. ಅನಿಲ 2 ಬಂತು, ಹಾಗಾದರೆ ಆಮ್ಲವೂ 2 ಎಂದು ಬರೆದುಬಿಡುತ್ತಾರೆ. ಆದರೆ ಆಮ್ಲಕ್ಕೆ ಇಲ್ಲಿ ಎರಡು ಕೆಲಸ. ಸ್ವಲ್ಪ ಭಾಗ ಎಲೆಕ್ಟ್ರಾನ್ ಪಡೆದು ಅನಿಲವಾಗುತ್ತದೆ. ಉಳಿದದ್ದು ಹಾಗೇ ನೈಟ್ರೇಟಾಗಿ ತಾಮ್ರದ ಜೊತೆ ಲವಣಕ್ಕೆ ಸೇರುತ್ತದೆ. ಪ್ರತಿ ತಾಮ್ರಕ್ಕೆ 2 ನೈಟ್ರೇಟ್ ಬೇಕು, 3 ತಾಮ್ರಕ್ಕೆ 6. ಅನಿಲಕ್ಕೆ ಹೋದ 2 ಸೇರಿಸಿದರೆ ಆಮ್ಲ 8. ಅದರ 8 ಹೈಡ್ರೋಜನ್ 4 ನೀರಾಗುತ್ತದೆ. ಈಗ ಆಕ್ಸಿಜನ್ ಎಣಿಸಿ: ಎಡಕ್ಕೆ 24. ಬಲಕ್ಕೆ ಲವಣದಲ್ಲಿ 18, ಅನಿಲದಲ್ಲಿ 2, ನೀರಿನಲ್ಲಿ 4.

ಕಾನ್ಸಂಟ್ರೇಟೆಡ್ ಆಮ್ಲಕ್ಕೂ ಹೀಗೇ ಮಾಡಿ: 1 ತಾಮ್ರ, 4 ಆಮ್ಲ, 2 ನೈಟ್ರೋಜನ್ ಡೈಆಕ್ಸೈಡ್, 2 ನೀರು.

ಇನ್ನು ಸತುವನ್ನು ನೀವೇ ಮಾಡಿ. ತುಂಬಾ ಡೈಲ್ಯೂಟ್ ಆಮ್ಲದಲ್ಲಿ ನೈಟ್ರೋಜನ್ 8 ಎಲೆಕ್ಟ್ರಾನ್ ಪಡೆದು ಅಮೋನಿಯಂ ಆಗುತ್ತದೆ. ಆ ಅಮೋನಿಯಂಗೂ ಒಂದು ನೈಟ್ರೇಟ್ ಜೊತೆಗಿರಬೇಕು, ಮರೆಯಬೇಡಿ. 4 ಸತುವಿಗೆ 10 ಆಮ್ಲ, 3 ನೀರು ಬಂದರೆ ಲೆಕ್ಕ ಸರಿಯಿದೆ.