ಹಳೇ ಮನೆಯ ಮೀಟರ್ ಹೊರಗೆ ತಂದದ್ದು

ಬೆಳಗಾವಿಯ ಶಹಾಪುರ ಕಡೆ ಹಳೇ ಹಂಚಿನ ಮನೆಯ ವೈರಿಂಗ್ ಹಿಡಿದರೆ ನಾನು ಮೊದಲು ನೋಡುವುದು ಮೀಟರ್ ಎಲ್ಲಿದೆ ಅಂತ. ಎಷ್ಟೋ ಕಡೆ ಪಡಸಾಲೆಯ ಒಳಗೋಡೆಯಲ್ಲೇ ಇರುತ್ತದೆ, ಪಕ್ಕದಲ್ಲೇ ಬಟ್ಟೆ ಗೂಟ. ಈ ಮನೆಯಲ್ಲೂ ಹಾಗೇ. ಮೀಟರಿಗೆ ಪ್ಲೈವುಡ್ ಕಪಾಟು ಹೊಡೆದು ಮುಚ್ಚಿಬಿಡಿ ಎಂದರು ಮನೆಯ ಅಜ್ಜ. "ನಮ್ಮ ಮನ್ಯಾಗ ಐತಿ, ನಮ್ದ ಅಲ್ಲೇನ್ರೀ?"

"ಅಜ್ಜಾರ, ಗ್ವಾಡಿ ನಿಮ್ದು. ಮೀಟರ್ ಹೆಸ್ಕಾಂದು."

ಹೆಸ್ಕಾಂ ಅಂದರೆ ನಮ್ಮ ಕಡೆ ವಿದ್ಯುತ್ ಕೊಡುವ ಕಂಪನಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಇದನ್ನೇ ಹೇಳುತ್ತವೆ. 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದವು. ಗ್ರಾಹಕರ ಜಾಗದಲ್ಲಿರುವ ತನ್ನ ವೈರು, ಫಿಟ್ಟಿಂಗ್, ಉಪಕರಣ ಎಲ್ಲ ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ವಿದ್ಯುತ್ ಕೊಡುವ ಕಂಪನಿಯ ಕೆಲಸ. ಅವಕ್ಕೆ ಪೆಟ್ಟಾಗದಂತೆ ಜೋಪಾನ ಮಾಡುವುದು ಮನೆಯವರ ಕೆಲಸ. ಜೋಪಾನ ಅಂದರೆ ಮುಚ್ಚಿಡುವುದಲ್ಲ. 2003ರ ವಿದ್ಯುತ್ ಕಾಯ್ದೆಯ 163ನೇ ಕಲಮಿನ ಪ್ರಕಾರ ಕಂಪನಿಯವರು ಒಳಗೆ ಬಂದು ತಮ್ಮ ಉಪಕರಣ ಪರೀಕ್ಷಿಸಬಹುದು. ಕಪಾಟಿನ ಬೀಗ ಯಾರು ತೆಗೆದುಕೊಡಬೇಕು? ಗ್ರಾಹಕರೇ ಮೀಟರ್ ಕೊಂಡಿದ್ದರೂ ಸೀಲ್ ಒಡೆಯುವಂತಿಲ್ಲ. ಮೀಟರ್ ಕೆಡಿಸಿದರೆ 135ನೇ ಕಲಮಿನಲ್ಲಿ ಕಳ್ಳತನದ ಕೇಸಾಗುತ್ತದೆ.

ಹೀಗಾಗಿ ಮೀಟರನ್ನೇ ಹೊರಗೆ ತರುವುದೆಂದಾಯಿತು. ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ (ಗ್ರಾಹಕರ ನಂಬರ್) ಹಾಕಿ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟೆವು. ಸೀಲ್ ಒಡೆದದ್ದು, ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರ್ ಬಿಚ್ಚಿದ್ದು ಅವರ ಲೈನ್‌ಮ್ಯಾನ್. ನಾನು ಆ ಬದಿಗೆ ಕೈ ಹಾಕಲಿಲ್ಲ, ಯಾವಾಗಲೂ ಹಾಕುವುದಿಲ್ಲ. ಮೀಟರಿನಿಂದ ಹೊರಬರುವ ವೈರಿನಿಂದ ಮುಂದೆ ನನ್ನ ಲೈಸೆನ್ಸಿನ ಕೆಲಸ.

ಗೋಡೆಯ ಹೊರಮೈ ಮಾತ್ರ ನಾನೇ ಮೊದಲೇ ತಯಾರು ಮಾಡಿಟ್ಟಿದ್ದೆ. ಬೆಳಗಾವಿ ಮಳೆ ಗೊತ್ತಲ್ಲ, ಜೂನ್ ಬಂದರೆ ಗೋಡೆಯೇ ಒದ್ದೆ. ಸೂರಿನ ಕೆಳಗೆ ಜಾಗ ಆರಿಸಿದೆ. ರೀಡಿಂಗ್ ಕಣ್ಣಿನ ಎತ್ತರಕ್ಕೆ ಬರುವಂತೆ ಪೆಟ್ಟಿಗೆ ಕೂರಿಸಿದೆ. ಸರ್ವಿಸ್ ವೈರ್ ಒಳಗೆ ಹೋಗುವ ಜಿಐ ಪೈಪಿನ ತಲೆ ಕೆಳಮುಖವಾಗಿ ಬಾಗಿರಬೇಕು. ವೈರು ಪೈಪಿಗೆ ಹೋಗುವ ಮೊದಲು ಒಂದಿಷ್ಟು ಜೋತುಬೀಳುವಂತೆ ಬಿಡಬೇಕು. ಆಗ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ವೈರು ಹಿಡಿದುಕೊಂಡೇ ಮೀಟರಿಗೆ ಇಳಿಯುತ್ತದೆ. ಹಳೇ ಮರದ ಬೋರ್ಡು ತೆಗೆದು ಎಸೆದೆ. ಕಟೌಟ್ (ಫ್ಯೂಸ್), ಸ್ವಿಚ್ ಇರುವ ಜಾಗ ಬೆಂಕಿ ಹತ್ತದಂಥದ್ದಾಗಿರಬೇಕು.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಿಷಯ ಸ್ವಲ್ಪ ಗೋಜಲು. ಮನೆಗೆ ಅರ್ಥ್ ಟರ್ಮಿನಲ್ ಕೊಡುವುದು ಕಂಪನಿ ಅನ್ನುತ್ತದೆ ನಿಯಮ. ಅದನ್ನೇ ನಂಬಿ ಕೂರಬೇಡಿ ಅನ್ನುತ್ತೇನೆ ನಾನು. ಹಿತ್ತಿಲಲ್ಲಿ ಬೇರೆ ಗುಂಡಿ ತೋಡಿ, ಅರ್ಥಿಂಗಿನ ಭಾರತೀಯ ಮಾನಕ ಐಎಸ್ 3043 ನೋಡಿಕೊಂಡು ಎಲೆಕ್ಟ್ರೋಡ್ ಇಳಿಸಿದೆ. ಹಳೇ ವೈರಿಂಗಿನಲ್ಲಿ ಯಾರೋ ನ್ಯೂಟ್ರಲ್ಲಿಗೇ ಅರ್ಥ್ ಜೋಡಿಸಿದ್ದರು. ಅದನ್ನು ಕತ್ತರಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿ, ಕೆಲಸ ಮುಗಿದದ್ದಕ್ಕೆ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಮಾಡಿದೆ.

ಖರ್ಚು ಮನೆಯವರದ್ದೇ. ಮೀಟರ್ ಸರಿಸಿ ಎಂದು ಕೇಳಿದವರು ಅವರಲ್ವಾ. ಅಜ್ಜ ಅದಕ್ಕೊಂದಿಷ್ಟು ಗೊಣಗಿದರು.